ವಾಕ್ಯದ ಬಾಲ ಹಿಡಿದು



ಕನ್ನಡ ಶಾಲೆಯಲ್ಲಿ ಓದಿದವರೆಲ್ಲ ಒಂದಲ್ಲ ಒಂದು ಸಲ ಹಸುವಿನ ಮೇಲೆ ಪ್ರಬಂಧ ಬರೆದವರೇ. ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ, ಎರಡು ಕಣ್ಣುಗಳಿವೆ, ಎರಡು ಕೊಂಬುಗಳಿವೆ, ಒಂದು ಬಾಲವಿದೆ. ಅದು ಹಾಲು ಕೊಡುತ್ತದೆ. ಆದ್ದರಿಂದ ನಾವೆಲ್ಲರೂ ಹಸುವನ್ನು ಪ್ರೀತಿಯಿಂದ ಕಾಣಬೇಕು. ನಾನು ಇದನ್ನು ನಾಲ್ಕನೇ ಕ್ಲಾಸಿನಲ್ಲಿ ಬರೆದೆ; ಮೇಷ್ಟ್ರಾದ ಮೇಲೆ ಎಷ್ಟೋ ವರ್ಷ ಬರೆಸಿದೆ. ತುಮಕೂರು ಜಿಲ್ಲೆಯ ಬಯಲಿನ ಒಂದು ಊರಿನಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಇದನ್ನೇ ಬರೆದು ತಂದಾಗ ಏನೋ ನೆನಪಾಗಿ ಕೇಳಿದೆ: "ನಿಮ್ಮನೆ ಹಸುಗೆ ಒಂದೇ ಕೊಂಬಲ್ವೇನೆ?" ಅವಳು ಒಂದಿಷ್ಟೂ ಅಳುಕದೆ, "ಹೂಂ ಸಾ. ಪ್ರಬಂಧದ ಹಸುಗೆ ಎರಡು" ಅಂದಳು.

ಆಗ ನಕ್ಕೆ. ಸಾಯಂಕಾಲ ಮನೆಗೆ ಹೋಗುವ ಬಸ್ಸಿನಲ್ಲಿ ಅದೇ ಮಾತು ಮತ್ತೆ ಬಂತು. ಹುಡುಗಿಗೆ ಒಂದು ದೊಡ್ಡ ವಿಷಯ ಗೊತ್ತಿದೆ. ತನ್ನ ಮನೆಯ ಗೌರಿ ಬೇರೆ, ‘ಹಸು’ ಅನ್ನುವ ಜಾತಿ ಬೇರೆ. ಒಂದರ ಕೊಂಬು ಮುರಿದ ಮಾತ್ರಕ್ಕೆ ಜಾತಿಗೆಲ್ಲ ಒಂಟಿಕೊಂಬು ಎಂದು ಬರೆಯುವಂತಿಲ್ಲ. ಅಷ್ಟು ತಿಳಿದವಳೇ ತನಗೆ ಗೊತ್ತಿದ್ದ ಒಂದು ಸಂಗತಿಯನ್ನೂ ಪುಸ್ತಕದೊಳಗೆ ಬಿಟ್ಟುಕೊಂಡಿರಲಿಲ್ಲ. ಬೆಳಿಗ್ಗೆ ತಾನೇ ಹಾಲು ಕರೆದು ಡೈರಿಗೆ ಹಾಕಿ ಶಾಲೆಗೆ ಬರುತ್ತಿದ್ದವಳು ಅವಳು. ಕರು ಬಿಡದಿದ್ದರೆ ಹಸು ಸೊರ ಬಿಡುವುದಿಲ್ಲ, ಎಳೆ ಹಸಿಹುಲ್ಲು ಹೆಚ್ಚಾದರೆ ಹಾಲಿನ ಫ್ಯಾಟು ಇಳಿಯುತ್ತದೆ, ಡೈರಿಯವನು ಲ್ಯಾಕ್ಟೋಮೀಟರ್ ಅದ್ದಿ ನೋಡಿ ಆಮೇಲೆ ಅಳೆಯುತ್ತಾನೆ, ಇವೆಲ್ಲ ಅವಳ ನಾಲಿಗೆ ತುದಿಯಲ್ಲಿದ್ದವು. ಪ್ರಬಂಧದ ಹಸುವಿಗೆ ಮಾತ್ರ ನಾಲ್ಕು ಕಾಲು, ಒಂದು ಬಾಲ.

ಕಂಡದ್ದನ್ನು ಕಂಡಂತೆ, ತಿಳಿದದ್ದನ್ನು ತಿಳಿದಷ್ಟೇ ಬರೆಯುವ ಬರಹಕ್ಕೆ ಕನ್ನಡದಲ್ಲಿ ಅದರದೇ ವ್ಯಾಕರಣವಿದೆ ಎಂಬುದು ಇವತ್ತಿನ ನನ್ನ ವಾದ. ಆ ವ್ಯಾಕರಣದ ಮುಖ್ಯ ಭಾಗ ಇರುವುದು ವಾಕ್ಯದ ಬಾಲದಲ್ಲಿ, ಕೊನೆಯ ಕ್ರಿಯಾಪದದಲ್ಲಿ. ಮಕ್ಕಳು ಅದನ್ನು ಮನೆಯಿಂದಲೇ ತಂದಿರುತ್ತಾರೆ. ನಾವು ಅದನ್ನು ಬಾಗಿಲಲ್ಲೇ ಚಪ್ಪಲಿ ಜೊತೆ ಬಿಡಿಸಿ ಒಳಗೆ ಕರೆಯುತ್ತೇವೆ.

ಈ ಬರಹವನ್ನು ಏನೆಂದು ಕರೆಯುವುದು? ಅಲ್ಲೇ ಮೊದಲ ತೊಡಕು. ‘ವರದಿ’ ಎಂದರೆ ನಮ್ಮ ಕಿವಿಗೆ ನಡೆದ ಘಟನೆಯ ಸುದ್ದಿ. ವಾರ್ಷಿಕೋತ್ಸವದ ವರದಿ, ತನಿಖೆಯ ವರದಿ, ಪೇಪರಿನ ವರದಿ. ‘ಗೀಜಗದ ವರದಿ ಬರೆಯಿರಿ’ ಎಂದರೆ ಮಗು ಗೀಜಗಕ್ಕೆ ಏನಾಯಿತು ಎಂದು ಕೇಳುತ್ತದೆ, ಸರಿಯಾಗಿಯೇ ಕೇಳುತ್ತದೆ. ‘ಪ್ರಬಂಧ’ ಎಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಡಬ್ಬಿ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ನಾನು ತರಗತಿಯಲ್ಲಿ ‘ಸಂಗತಿ ಬರೆಯೋದು’ ಎಂದೆ. ಮಕ್ಕಳಿಗೆ ಅಷ್ಟು ಸಾಕಾಯಿತು.

ಸಂಗತಿ ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಶಾಸನ ಒಂದು ದಾನದ ದಾಖಲೆ: ಯಾರ ಆಳ್ವಿಕೆ, ಯಾರಿಗೆ ಕೊಟ್ಟರು, ಯಾವ ಊರು, ಯಾತಕ್ಕೆ. ಅದರಲ್ಲೂ ಮೊದಲಿಗೆ ದೇವರ ಸ್ತುತಿ, ಕೊನೆಯ ಕಡೆ ಕೆಡಿಸಿದವರಿಗೆ ಪಾಪದ ಎಚ್ಚರಿಕೆ. ಪೀಠಿಕೆ ಮತ್ತು ಉಪಸಂಹಾರದ ಚಟ ಎಷ್ಟು ಹಳೆಯದು ನೋಡಿ! ಅಲ್ಲಿ ಅದಕ್ಕೆ ಕೆಲಸವಿತ್ತು, ದಾನವನ್ನು ಕಾಯಬೇಕಿತ್ತು. ಹಸುವಿನ ಪ್ರಬಂಧದ ‘ಆದ್ದರಿಂದ ನಾವೆಲ್ಲರೂ’ ಏನನ್ನು ಕಾಯುತ್ತಿದೆಯೋ ತಿಳಿಯದು.

ಹೊರಗಿನ ವಿದ್ಯೆಯನ್ನು ನಾನು ಹೀಗಳೆಯುವವನಲ್ಲ. 1980ರ ದಶಕದಲ್ಲಿ ಸಿಡ್ನಿಯಲ್ಲಿ ಜೆ.ಆರ್. ಮಾರ್ಟಿನ್, ಜೋನ್ ರಾಥರಿ ಎಂಬ ಭಾಷಾಪಂಡಿತರು ಪ್ರಾಥಮಿಕ ಶಾಲೆಗಳ ಮಕ್ಕಳ ಬರಹವನ್ನು ರಾಶಿ ಹಾಕಿಕೊಂಡು ಓದಿದರು. ಅದರಲ್ಲಿ ಹೆಚ್ಚಿನದು ಕಥೆ, ಇಲ್ಲವೇ ‘ನಾನು ಅಲ್ಲಿಗೆ ಹೋದೆ, ಚೆನ್ನಾಗಿತ್ತು’ ಎಂಬ ಜಾತಿಯದು. ವಸ್ತುವಿನ ವಿಷಯವಾಗಿ, ಕಾರಣದ ವಿಷಯವಾಗಿ ಬರೆಯುವುದನ್ನು ಯಾರೂ ಕಲಿಸುತ್ತಿರಲಿಲ್ಲ. ಓದುಬರಹದ ಮನೆಯ ಮಗು ಅದನ್ನು ಹೇಗೋ ಹೀರಿಕೊಳ್ಳುತ್ತದೆ, ಇಲ್ಲದ ಮನೆಯ ಮಗು ಹೈಸ್ಕೂಲಿನಲ್ಲಿ ವಿಜ್ಞಾನ, ಸಮಾಜ ಬಂದಾಗ ಎಡವುತ್ತದೆ. ಆದ್ದರಿಂದ ಬಿಚ್ಚಿಟ್ಟು ಕಲಿಸಿ, ಮೊದಲು ಒಂದು ಮಾದರಿಯನ್ನು ಕೂಡಿ ಓದಿ, ಆಮೇಲೆ ಬೋರ್ಡಿನ ಮೇಲೆ ಕೂಡಿ ಬರೆಯಿರಿ, ಆಮೇಲೆ ಒಬ್ಬೊಬ್ಬರೇ ಬರೆಯಲಿ ಎಂಬುದು ಅವರ ಬಳಗದ ವಾದ. ಇದು ನಮ್ಮ ಹಳ್ಳಿ ಶಾಲೆಗೆ ಅಕ್ಷರಶಃ ಸಲ್ಲುವ ಮಾತು.

ತೊಂದರೆ ಬಂದದ್ದು ಆಮೇಲೆ. ಇಂಗ್ಲಿಷಿನ ಶಾಲೆಗಳಿಗಾಗಿ ಮಾಡಿದ ‘ವರದಿಯ ಭಾಷಾ ಲಕ್ಷಣ’ದ ಪಟ್ಟಿ ಕನ್ನಡಕ್ಕೆ ಇಳಿದು ಒಂದು ತರಬೇತಿಯಲ್ಲಿ ನನ್ನ ಕೈಗೆ ಬಂತು. ವರ್ತಮಾನಕಾಲ ಬಳಸಿ. ಬಹುವಚನ ಬಳಸಿ. ಕರ್ಮಣಿ ಪ್ರಯೋಗ ಬಳಸಿ. ಪಾರಿಭಾಷಿಕ ಪದ ಬಳಸಿ. ನಾನು ವಿಧೇಯ ಶಿಷ್ಯ. ಮಾರನೆಯ ದಿನವೇ ಬೋರ್ಡಿನ ಮೇಲೆ ಬರೆದೆ: ‘ಗೀಜಗಗಳು ಪಕ್ಷಿಗಳಾಗಿವೆ. ಗೂಡುಗಳು ಗಂಡು ಗೀಜಗಗಳಿಂದ ಕಟ್ಟಲ್ಪಡುತ್ತವೆ.’ ಹಿಂದಿನ ಬೆಂಚಿನ ಒಬ್ಬ ಕೇಳಿದ, "ಯಾವ ಊರ್ ಕಡೆ ಮಾತು ಸಾ ಇದು?"

ಯಾವ ಊರಿನದೂ ಅಲ್ಲ. ಒಂದೊಂದಾಗಿ ಬಿಡಿಸೋಣ.

‘ಗೀಜಗ ಒಂದು ಹಕ್ಕಿ’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು, ಅದಕ್ಕೆ ಇನ್ನೊಂದು ಕ್ರಿಯಾಪದದ ಹಂಗಿಲ್ಲ. ‘ಆಗಿದೆ’ಯನ್ನು ಇಂಗ್ಲಿಷಿನ ಒಂದು ಪುಟ್ಟ ಕ್ರಿಯಾಪದಕ್ಕೆ ಹೊಂದಿಸಲೆಂದು ತಂದು ತಗುಲಿಸಿದ್ದೇವೆ. ಕನ್ನಡದಲ್ಲಿ ‘ಆಗು’ ಎಂದರೆ ಇನ್ನೊಂದಾಗಿ ಬದಲಾಗುವುದು. ನೀರು ಬಿಸಿಯಾಗಿದೆ, ಹಾಲು ಮೊಸರಾಗಿದೆ. ಮಕ್ಕಳಿಗೆ ನಾನು ಎರಡು ವಾಕ್ಯ ಕೊಡುತ್ತಿದ್ದೆ: ‘ಮಾವು ಹಣ್ಣು’, ‘ಮಾವು ಹಣ್ಣಾಗಿದೆ’. ಎರಡನೆಯದನ್ನು ಕೇಳಿದರೆ ಏನು ಮಾಡುತ್ತೀರಿ ಎಂದರೆ, "ಕಿತ್ಕೊಂಡ್ ತಿಂತೀವಿ" ಎಂದು ಕೂಗುತ್ತಿದ್ದರು. ಆಮೇಲೆ ಆ ವರ್ಷವೆಲ್ಲ ಯಾರ ಪುಸ್ತಕದಲ್ಲೂ ಆಮೆ ಸರೀಸೃಪವಾಗಲಿಲ್ಲ, ಸರೀಸೃಪವೇ ಆಗಿ ಉಳಿಯಿತು.

ಬಹುವಚನವೂ ಹಾಗೇ. ಜಾತಿಗೆಲ್ಲ ಸಲ್ಲುವ ಮಾತಿಗೆ ನಮ್ಮಲ್ಲಿ ಬರಿಯ ಏಕವಚನವೇ ಸಾಕು. ‘ಆನೆ ಸೊಪ್ಪು ತಿನ್ನುತ್ತದೆ’ ಎಂದರೆ ಎಲ್ಲ ಆನೆ, ಎಲ್ಲ ಸೊಪ್ಪು. ‘ಆನೆ ಸೊಪ್ಪನ್ನು ತಿನ್ನುತ್ತದೆ’ ಎಂದು ಒಂದು ‘ಅನ್ನು’ ಸೇರಿಸಿದ ಕೂಡಲೇ, ಯಾವ ಸೊಪ್ಪನ್ನು, ನಾವು ತಂದಿಟ್ಟದ್ದನ್ನೇ ಎಂದು ಕೇಳುವಂತಾಗುತ್ತದೆ. ಇದು ಯಾವ ಪಠ್ಯದಲ್ಲೂ ಮಗುವಿಗೆ ಹೇಳಿಕೊಟ್ಟದ್ದಲ್ಲ, ಆದರೂ ಮಾತಿನಲ್ಲಿ ಎಡವುವುದಿಲ್ಲ. ಬರೆಯಲು ಕೂತಾಗ ಮಾತ್ರ ಪ್ರತಿ ನಾಮಪದಕ್ಕೂ ಒಂದೊಂದು ‘ಅನ್ನು’ ತೊಡಿಸಿ ಶುದ್ಧ ಬರೆದೆನೆಂದುಕೊಳ್ಳುತ್ತದೆ.

ಕರ್ಮಣಿ ಪ್ರಯೋಗವನ್ನು ಇಂಗ್ಲಿಷಿನವರು ಬಳಸುವುದಕ್ಕೆ ಕಾರಣವಿದೆ. ಮಾಡಿದವನನ್ನು ಹಿಂದಿಟ್ಟು ವಸ್ತುವನ್ನು ಮುಂದೆ ತರಬೇಕಾದರೆ ಅವರಿಗೆ ವಾಕ್ಯವನ್ನೇ ಮಗುಚಬೇಕು. ನಮಗೆ ಆ ಕಷ್ಟವಿಲ್ಲ. ‘ಗೂಡನ್ನು ಗಂಡು ಕಟ್ಟುತ್ತದೆ’ ಎಂದು ಪದದ ಜಾಗ ಬದಲಿಸಿದರೆ ಗೂಡು ಮುಂದೆ ಬಂತು. ಮಾಡುವವನೇ ಬೇಡವೆಂದರೆ ಕರ್ತೃವನ್ನು ಬಿಟ್ಟು ‘ರಾಗಿಯನ್ನು ಮುಂಗಾರಿನಲ್ಲಿ ಬಿತ್ತುತ್ತಾರೆ’ ಎನ್ನುತ್ತೇವೆ. ಯಾರು ಎಂದು ಯಾರೂ ಕೇಳುವುದಿಲ್ಲ. ಈ ಕರ್ತೃವಿಲ್ಲದ ‘ತ್ತಾರೆ’ ನಮ್ಮ ರೈತ, ಅಡುಗೆಯವರು, ಗಾರೆಯವರು ವಿಷಯ ಹೇಳುವ ಧಾಟಿ. ‘ಬಿತ್ತಲ್ಪಡುತ್ತದೆ’ ಎಂದು ಹೊಲದಲ್ಲಿ ಯಾರೂ ಅಂದದ್ದನ್ನು ನಾನು ಕೇಳಿಲ್ಲ.

ಈಗ ಗೀಜಗದ ಕಡೆ ಬರೋಣ. ನಾನು ಕಲಿತದ್ದೆಲ್ಲ ಅದರ ಗೂಡಿನಲ್ಲೇ ಇದೆ. ಆ ಊರ ಕೆರೆಯ ಕೋಡಿಯ ಪಕ್ಕ ನಾಲ್ಕಾರು ಈಚಲು ಮರ. ಮಳೆ ಹಿಡಿದ ಮೇಲೆ ಅವುಗಳ ಗರಿಯ ತುದಿಗೆ ಗೂಡುಗಳು ಸೋರೆಬುರುಡೆಯಂತೆ ಜೋತುಬೀಳುತ್ತಿದ್ದವು. ತರಗತಿಯವರೆಲ್ಲ ಮಧ್ಯಾಹ್ನದ ಬಿಸಿಯೂಟ ಮುಗಿಸಿ ಹತ್ತು ನಿಮಿಷ ಅಲ್ಲಿಗೆ ಹೋಗಿ ಬರುವುದೆಂದು ಮಾಡಿದೆವು. ಕಟ್ಟುವುದು ಗಂಡು. ಮಳೆಗಾಲದಲ್ಲಿ ಅದರ ನೆತ್ತಿ ಅರಿಸಿನದ ಬಣ್ಣ. ಹುಲ್ಲಿನ ಎಸಳಿನ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ ಹಾರಿದರೆ ಉದ್ದಕ್ಕೆ ಒಂದು ನಾರು ಸೀಳಿ ಬರುತ್ತದೆ. ಗೂಡು ಅರ್ಧ ಆಗಿ, ತಲೆಗೆ ಹಾಕುವ ಹೆಲ್ಮೆಟ್ಟಿನ ಆಕಾರಕ್ಕೆ ಬಂದಾಗ ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಗಂಡು ಕೆಳಗಿನ ಕೊಳವೆಯನ್ನೂ ನೇಯ್ದು ಮುಗಿಸುತ್ತದೆ. ಮುಗಿಸಿ ಇನ್ನೊಂದು ಗೂಡಿಗೆ, ಇನ್ನೊಂದು ಹೆಣ್ಣಿಗೆ ತಯಾರಿ. ಸಲೀಂ ಅಲಿ 1930ರಲ್ಲಿ ಮುಂಬಯಿ ಹತ್ತಿರದ ಕಿಹಿಮ್‌ನಲ್ಲಿ ತಿಂಗಳುಗಟ್ಟಲೆ ಕೂತು ಕಂಡುಕೊಂಡ ಸಂಸಾರದ ಗುಟ್ಟು ಇದು. ಮಕ್ಕಳಿಗೆ ಅರ್ಧ ಗೂಡುಗಳು ಯಾಕೆ ಹಾಗೇ ನೇತಾಡುತ್ತಿವೆ ಎಂಬುದು ಬಹಳ ದಿನ ಒಗಟಾಗಿತ್ತು. ಅದನ್ನು ನಾನು ಹೇಳಿಬಿಟ್ಟೆ. ಸ್ವಲ್ಪ ಕಾಯಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಮೊದಲ ವಾರದ ಬರಹದಲ್ಲಿ ಎಲ್ಲವೂ ‘ತುಂಬಾ’. ಗೂಡು ತುಂಬಾ ಉದ್ದ, ಮರ ತುಂಬಾ ಎತ್ತರ. ‘ತುಂಬಾ’ ಬಳಸಿದವರು ಅಳೆದು ಬರಬೇಕು ಎಂದೆ. ಉದುರಿ ಬಿದ್ದ ಗೂಡೊಂದು ಎರಡೂವರೆ ಗೇಣು ಆಯಿತು. ಯಾರ ಗೇಣು ಎಂದು ಜಗಳ. ಹುಡುಗನ ಗೇಣಿಗೂ ಅವರಪ್ಪನ ಗೇಣಿಗೂ ಇರುವ ವ್ಯತ್ಯಾಸದಿಂದಲೇ ಸ್ಕೇಲು ಬೇಕೆಂಬುದು ಅವರಿಗೇ ಹೊಳೆಯಿತು. ‘ಚೀಂವ್ ಚೀಂವ್ ಎಂದು ಕೂಗುತ್ತದೆ’ ಎಂಬುದನ್ನು ನಾನು ಹೊಡೆದುಹಾಕಲಿಲ್ಲ. ಅನುಕರಣ ಪದ ಕಥೆಗೆ, ವರದಿಗಲ್ಲ ಎನ್ನುವವರಿದ್ದಾರೆ. ಹಕ್ಕಿಯ ಕೂಗನ್ನು ಬೇರೆ ಹೇಗೆ ವರದಿ ಮಾಡುತ್ತೀರಿ?

ಆಮೇಲೆ ಬಾಲದ ಪಾಠ. ‘ಕಟ್ಟಿತು’, ‘ಕಟ್ಟುತ್ತಿದೆ’, ‘ಕಟ್ಟುತ್ತದೆ’. ಮೊದಲನೆಯದು ಒಂದು ದಿನದ ಸುದ್ದಿ, ಎರಡನೆಯದು ಈ ಗಳಿಗೆಯ ನೋಟ, ಮೂರನೆಯದು ಎಂದಿನ ವಾಡಿಕೆ. ಬರಹದಲ್ಲಿ ‘ತ್ತಿದೆ’ಗೂ ‘ತ್ತದೆ’ಗೂ ನಡುವೆ ಇರುವುದು ಒಂದು ಗುಡಿಸು, ಅಷ್ಟೆ. ಮಕ್ಕಳು ಎರಡನ್ನೂ ಕಲಸುತ್ತಾರೆ. ಕೆಂಪು ಇಂಕಿನಲ್ಲಿ ಕಾಗುಣಿತದ ತಪ್ಪೆಂದು ಸುತ್ತು ಹಾಕಿದರೆ ಏನೂ ಪ್ರಯೋಜನವಿಲ್ಲ. "ಈಗ ಕಟ್ತಾ ಐತಾ, ಯಾವಾಗ್ಲೂ ಕಟ್ತದಾ?" ಎಂದು ಅವರ ಮಾತಿನಲ್ಲಿ ಕೇಳಿದರೆ ತಾವೇ ತಿದ್ದಿಕೊಳ್ಳುತ್ತಾರೆ.

ಒಂದು ದಿನ ಅದೇ ಹಿಂದಿನ ಬೆಂಚಿನವನು ಹೇಳಿದ: "ಗೀಜಗ ಗೂಡೊಳ್ಗೆ ಮಣ್ಣು ಮೆತ್ತಿ, ಮಿಣುಕುಹುಳ ತಂದ್ ಸಿಗ್ಸಿ, ರಾತ್ರಿ ದೀಪ ಮಾಡ್ಕೊಂತದಂತೆ ಸಾ." ಅಜ್ಜಿ ಹೇಳಿದ್ದು. ನೀವೂ ಕೇಳಿರುತ್ತೀರಿ, ದೇಶದ ಉದ್ದಗಲಕ್ಕೂ ಇರುವ ನಂಬಿಕೆ. ನೋಡೇಬಿಡೋಣ ಎಂದು, ಮರಿ ಹಾರಿಹೋಗಿ ಕೆಳಗೆ ಬಿದ್ದಿದ್ದ ಗೂಡನ್ನು ತಂದು ಜಗಲಿಯ ಮೇಲೆ ಬಿಚ್ಚಿದೆವು. ಒಳಗೋಡೆಗೆ ಒಣಗಿದ ಮಣ್ಣಿನ ಹೆಂಟೆ ನಿಜವಾಗಿಯೂ ಇತ್ತು. ಮಿಣುಕುಹುಳ ಇರಲಿಲ್ಲ. "ಸತ್ತು ಉದ್ರೋಗಿರ್ಬೋದು ಸಾ" ಎಂದ ಅಜ್ಜಿಯ ಪರ ವಕೀಲ.

ಈಗ ಬೋರ್ಡಿನ ಮೇಲೆ ಕೂಡಿ ಬರೆಯಲು ಕೂತೆವು. ಮೊದಲು ಒಬ್ಬಳು ಹೇಳಿದ ವಾಕ್ಯ: ‘ಗೂಡಿನ ಒಳಗೆ ಮಣ್ಣು ಇರುತ್ತದೆ.’ ಒಂಟಿಕೊಂಬಿನ ಹಸುವಿನವಳು ಎದ್ದಳು. "ಒಂದೇ ಗೂಡು ನೋಡಿದ್ದು. ಇತ್ತು ಅಂತ ಬರೀಬೇಕು." ನಾನು ಸುಣ್ಣದ ಕಡ್ಡಿ ಹಿಡಿದವನು ಹಾಗೇ ನಿಂತೆ. ‘ಇತ್ತು’ ಎಂಬಲ್ಲಿಂದ ‘ಇರುತ್ತದೆ’ ಎಂಬಲ್ಲಿಗೆ ಹೋಗಲು ಎಷ್ಟು ಗೂಡು ಬಿಚ್ಚಬೇಕು? ವಿಜ್ಞಾನವೆಲ್ಲ ಆ ಎರಡು ಕ್ರಿಯಾಪದಗಳ ನಡುವಿನ ದಾರಿ. ಇಂಗ್ಲಿಷಿನಲ್ಲಿ ‘ಇದೆ’ಗೂ ‘ಇರುತ್ತದೆ’ಗೂ ಒಂದೇ ಪದ ಸಲ್ಲುತ್ತದೆ; ಕನ್ನಡದ ಮಗು ಅವೆರಡನ್ನೂ ಶಾಲೆಗೆ ಬರುವ ಮೊದಲೇ ಬೇರೆ ಬೇರೆ ಇಟ್ಟುಕೊಂಡಿರುತ್ತದೆ. ಆ ವಾರ ಇನ್ನೂ ನಾಲ್ಕು ಹಳೆಯ ಗೂಡು ಹುಡುಕಿ ತಂದರು. ಮೂರರಲ್ಲಿ ಮಣ್ಣಿತ್ತು. ನಾಲ್ಕನೆಯದು ಅರ್ಧಕ್ಕೆ ನಿಂತ ಗೂಡು, ಅದರಲ್ಲಿ ಇರಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ನಿಂತದ್ದು ಇದು:

‘ನಾವು ಐದು ಗೂಡು ನೋಡಿದೆವು. ನಾಲ್ಕರಲ್ಲಿ ಮಣ್ಣು ಮೆತ್ತಿತ್ತು. ಅರ್ಧ ಕಟ್ಟಿದ ಗೂಡಿನಲ್ಲಿ ಇರಲಿಲ್ಲ. ಮಣ್ಣಿಗೆ ಮಿಣುಕುಹುಳ ಸಿಕ್ಕಿಸಿ ದೀಪ ಮಾಡಿಕೊಳ್ಳುತ್ತದಂತೆ. ಯಾವ ಗೂಡಿನಲ್ಲೂ ನಮಗೆ ಹುಳ ಸಿಗಲಿಲ್ಲ. ಗಾಳಿಗೆ ಗೂಡು ಜಾಸ್ತಿ ತೂಗಾಡದಿರಲಿ ಎಂದು ಮಣ್ಣು ಮೆತ್ತಿರಬಹುದು.’

ನನ್ನ ನೌಕರಿಯಲ್ಲಿ ಬೋರ್ಡಿನ ಮೇಲೆ ನಾನು ಬರೆದ ಅತ್ಯುತ್ತಮ ಗದ್ಯ ಇದೇ, ಅದರಲ್ಲಿ ನನ್ನದು ಅಕ್ಷರ ಮಾತ್ರ. ವಾಕ್ಯಗಳ ಬಾಲ ನೋಡಿ. ಇತ್ತು, ಇರಲಿಲ್ಲ ಎಂಬುವು ಕಣ್ಣಿನ ಸಾಕ್ಷಿ. ‘ಅಂತೆ’ ಕಿವಿಯದು. ‘ಬಹುದು’ ತಲೆಯದು. ನಮ್ಮಲ್ಲಿ ‘ಅಂತೆ’ಗೆ ಮರ್ಯಾದೆ ಇಲ್ಲ, ‘ಅಂತೆ ಕಂತೆ’ ಎಂದು ತಳ್ಳಿಬಿಡುತ್ತೇವೆ. ಎಷ್ಟೋ ಜನ ಮೇಷ್ಟ್ರು ಮಕ್ಕಳ ಪುಸ್ತಕದಲ್ಲಿ ಅದನ್ನು ಆಡುಮಾತೆಂದು ಹೊಡೆದು ‘ಮಾಡಿಕೊಳ್ಳುತ್ತದೆ’ ಎಂದು ತಿದ್ದುತ್ತಾರೆ. ತಿದ್ದಿದ ಆ ಕ್ಷಣ ಅಜ್ಜಿಯ ಮಾತು ಸತ್ಯದ ಪಟ್ಟಕ್ಕೆ ಏರಿತು. ನನ್ನ ಲೆಕ್ಕದಲ್ಲಿ ಕನ್ನಡದ ಪ್ರತ್ಯಯಗಳಲ್ಲೆಲ್ಲ ಪ್ರಾಮಾಣಿಕವಾದದ್ದು ‘ಅಂತೆ’: ಇದು ನಾನು ಕಂಡದ್ದಲ್ಲ, ನನಗೆ ಬಂದದ್ದು ಎಂದು ಎರಡಕ್ಷರದಲ್ಲಿ ಹೇಳಿ ಕೈತೊಳೆದುಕೊಳ್ಳುತ್ತದೆ. ವಾಟ್ಸಾಪಿನಲ್ಲಿ ದಿನಾ ಬರುವ ಸಂದೇಶಗಳಿಗೆ ಒಂದೊಂದು ‘ಅಂತೆ’ ಅಂಟಿಸಿ ಕಳಿಸಿದ್ದರೆ ಎಷ್ಟೋ ಮನೆಗಳಲ್ಲಿ ಜಗಳ ಕಡಿಮೆಯಾಗುತ್ತಿತ್ತು.

ಮಾದರಿ ಎಲ್ಲಿಂದ ತರುವುದು ಎಂದು ಕೇಳುವಿರಿ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ಒಬ್ಬರೇ ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದರು. ಆಮೇಲೆ ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟ ಬಂದವು. ಗಿಡಮರದ ವಿಷಯ ಬರೆಯುತ್ತ ನಗಿಸಬಹುದೆಂದು ಬಿ.ಜಿ.ಎಲ್. ಸ್ವಾಮಿ ತೋರಿಸಿದರು. ಇವು ಹಳೆಯ ಶಾಲೆಗಳ ಬೀರುವಿನಲ್ಲಿ, ಬೀಗದ ಹಿಂದೆ, ಈಗಲೂ ಇರಬಹುದು. ಇರಬಹುದು ಎಂದೆ, ಇವೆ ಎನ್ನಲಿಲ್ಲ. ಹೋಗಿ ತೆಗೆದು ನೋಡಿ.

ಪಾರಿಭಾಷಿಕ ಪದಗಳ ವಿಷಯ ಒಂದೇ ಮಾತು. ಎಸಳು, ನಾರು, ಗರಿ, ತೊಟ್ಟು, ಹೆಂಟೆ, ಇವೆಲ್ಲ ಪಾರಿಭಾಷಿಕ ಪದಗಳೇ. ‘ಪರಾಗಸ್ಪರ್ಶ’ ಬೇಕಾದಾಗ ಬರಲಿ, ಇವು ಮೊದಲು ಪುಸ್ತಕ ಸೇರಲಿ.

ಆ ಬರಹವನ್ನು ಡ್ರಾಯಿಂಗ್ ಹಾಳೆಗೆ ಇಳಿಸಿ ಗೋಡೆಪತ್ರಿಕೆಗೆ ಅಂಟಿಸಿದೆವು. ಕೆಳಗೆ ಜಾಗ ಬಿಡಿ, ಮುಂದಿನ ವರ್ಷದ್ದು ಸೇರಿಸಬೇಕು ಎಂದು ಹೇಳಿದ್ದೆ. ಮಾರನೇ ವರ್ಷ ಆರನೇ ತರಗತಿಗೆ ಬಂದಿದ್ದ ಹಿಂದಿನ ಬೆಂಚಿನವನೇ ಬಂದು ಎರಡು ಸಾಲು ಸೇರಿಸಿದ: ‘ಈ ವರ್ಷ ಗೂಡು ಕಡಿಮೆ. ಕೋಡಿಯ ಹತ್ತಿರದ ಮೂರು ಈಚಲು ಮರ ಕಡಿದರು.’ ವ್ಯಾಕರಣ ನೋಡುವ ಚಾಳಿಯವನು ನಾನು, ಕರ್ತೃ ಇಲ್ಲದ್ದು ಕಣ್ಣಿಗೆ ಬಿತ್ತು. ರಾಗಿ ಬಿತ್ತುತ್ತಾರೆ ಎನ್ನುವಾಗ ಯಾರು ಎಂದು ಯಾರೂ ಕೇಳುವುದಿಲ್ಲ ಎಂದು ಅವರಿಗೆ ಹೇಳಿಕೊಟ್ಟವನೂ ನಾನೇ. ಆದರೂ ಕೇಳಿದೆ, "ಯಾರೋ ಕಡಿದಿದ್ದು?"

ಅವನು ಪೆನ್ನಿನ ಮುಚ್ಚಳ ಹಾಕುತ್ತ, "ನಮ್ಮ ದೊಡ್ಡಪ್ಪ ಸಾ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅದ್ನೂ ಬರೀಬೇಕಾ?"